ಪವರ್ ಆನ್ ಇರುವಾಗ ಸ್ಟೆಪ್ಪರ್ ಮೋಟರ್ ವೈರ್ ಕೀಳಬೇಡಿ

ಮನೆಯಲ್ಲೇ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಮಾಡಿಕೊಂಡವರು ಇದನ್ನು ಓದಿ. ನಾನು ಎರಡು ಡ್ರೈವರ್ (ಮೋಟರ್‌ಗೆ ಕರೆಂಟ್ ಕೊಟ್ಟು ತಿರುಗಿಸುವ ಪುಟ್ಟ ಬೋರ್ಡ್) ಸುಟ್ಟುಕೊಂಡೆ, ಸುಮ್ನೆ ಒಂದು ಹೊಸ ಮೋಟರ್ ಕೂಡ ತಂದೆ. ಕೆಟ್ಟಿದ್ದು ಮಾತ್ರ ಒಂದೇ ಒಂದು ವೈರ್.

ಹಲಗೆ ಕೊರೆಯುತ್ತಿದ್ದಾಗ ಎಕ್ಸ್ ಮೋಟರ್, ಅಂದರೆ ಗಾಡಿಯನ್ನು ಎಡಕ್ಕೆ ಬಲಕ್ಕೆ ಓಡಿಸುವ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್), ಗರ್ ಅಂತ ನಡುಗತೊಡಗಿತು. ಶಾಫ್ಟ್ ತಿರುಗದೆ ನಿಂತಲ್ಲೇ ಹಿಂದೆ ಮುಂದೆ ಅಲ್ಲಾಡುತ್ತಿತ್ತು. ಕೈಯಿಂದ ಗಾಡಿ (ಕೊರೆಯುವ ತಲೆ ಹೊತ್ತು ಸರಿಯುವ ಭಾಗ) ತಳ್ಳಿದರೆ ಮತ್ತೆ ಸರಿ. ಕನೆಕ್ಟರ್ ಸಡಿಲ ಆಗಿರಬೇಕು ಅಂದುಕೊಂಡು, ಪವರ್ ಆನ್ ಇರುವಾಗಲೇ ಕಿತ್ತು ಮತ್ತೆ ಚುಚ್ಚಿದೆ. ಚಿಟ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಮೋಟರ್ ಒಳಗೆ ಸುತ್ತಿದ ತಂತಿಯ ಕಾಯಿಲ್‌ನಲ್ಲಿ ಕರೆಂಟ್ ಹರಿಯುವಾಗ ದಾರಿ ಕಡಿದರೆ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಎ4988 ಥರದ ಪುಟ್ಟ ಡ್ರೈವರ್ ಅದನ್ನು ತಡೆಯುವುದಿಲ್ಲ.

ಹೊಸ ಡ್ರೈವರ್ ಹಾಕಿದೆ. ನಡುಕ ಹೋಗಲಿಲ್ಲ. ಹಾಗಾದರೆ ಮೋಟರೇ ಹೋಗಿದೆ ಎಂದು ಅದನ್ನೂ ಬದಲಾಯಿಸಿದೆ. ಮತ್ತೆ ಅದೇ ಗರ್! ಮಾರನೇ ದಿನ ಎರಡನೇ ಡ್ರೈವರೂ ಸತ್ತಿತ್ತು. ಈ ಸಲ ನಾನು ಕನೆಕ್ಟರ್ ಮುಟ್ಟಿಯೂ ಇರಲಿಲ್ಲ.

ಮೂರನೇ ಡ್ರೈವರ್ ಹಾಕುವ ಮೊದಲು ಬುದ್ಧಿ ಬಂತು. ಪವರ್ ಆಫ್ ಮಾಡಿ, ಸಪ್ಲೈ ಮೇಲಿನ ದೀಪ ಪೂರ್ತಿ ಆರುವವರೆಗೆ ಕಾದೆ. ಯುಎಸ್‌ಬಿ ಕಿತ್ತರೆ ಸಾಲದು, ಮೋಟರ್‌ಗೆ ಕರೆಂಟ್ ಬರುವುದು ಬೇರೆ ಸಪ್ಲೈಯಿಂದ. ಆಮೇಲೆ ಬೋರ್ಡ್ ಕಡೆಯ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ನಾಲ್ಕು ವೈರ್, ಎರಡು ಕಾಯಿಲ್. ಎರಡೂ 2 ಓಮ್‌ಗಿಂತ ಸ್ವಲ್ಪ ಜಾಸ್ತಿ, ಹೆಚ್ಚು ಕಡಿಮೆ ಸಮ. ಎಲ್ಲ ಸರಿಯಾಗಿದೆ ಅಲ್ವಾ? ಮೀಟರ್ ಕಡ್ಡಿ ತೆಗೆಯದೆ ಗಾಡಿಯನ್ನು ನಿಧಾನಕ್ಕೆ ಬಲಕ್ಕೆ ತಳ್ಳಿದೆ. ಕೊನೆಯ ಒಂದು ಗೇಣು ಇರುವಾಗ ಅಂಕಿ ಕುಣಿಯಿತು, ಆಮೇಲೆ ಮಾಯ. ಎಡಕ್ಕೆ ಎಳೆದರೆ ವಾಪಸ್ ಬಂತು.

ಡ್ರ್ಯಾಗ್ ಚೈನ್ (ಗಾಡಿ ಜೊತೆ ಬಾಗುತ್ತ ಸರಿಯುವ, ವೈರ್ ಹೊತ್ತ ಸರಪಳಿ) ಒಳಗೆ ನಾನು ಹಾಕಿದ್ದು ಹಳೇ ನೆಟ್‌ವರ್ಕ್ ಕೇಬಲ್. ಮೂಲೆಯಲ್ಲಿ ಬಿದ್ದಿತ್ತು, ದಂಡ ಯಾಕೆ ಅಂತ ಬಳಸಿದ್ದೆ. ಅದರ ಪ್ರತಿ ವೈರಿನಲ್ಲೂ ಒಂದೇ ಗಟ್ಟಿ ಎಳೆ. ದಿನಾ ಬಾಗಿ ಬಾಗಿ ಒಂದು ಕಡೆ ಮುರಿದಿತ್ತು. ಮೇಲಿನ ಪ್ಲಾಸ್ಟಿಕ್‌ಗೆ ಗೀರು ಕೂಡ ಇರಲಿಲ್ಲ, ಒಳಗೆ ತಾಮ್ರ ಎರಡು ತುಂಡು. ಮುರಿದ ತುದಿಗಳು ತಾಗಿ ಬಿಟ್ಟು ಮಾಡುತ್ತಿದ್ದವು. ನಾನು ಕೈಯಾರೆ ಮಾಡಿದ ತಪ್ಪನ್ನೇ ಆ ವೈರ್ ಮೆಷಿನ್ ಓಡುವಾಗ ಮಾಡುತ್ತಿತ್ತು. ಎರಡನೇ ಡ್ರೈವರ್ ಹೋಗಿದ್ದು ಹಾಗೆ.

ಮೀಟರ್ ಇಲ್ಲದಿದ್ದರೆ, ಬೋರ್ಡಿಂದ ಬಿಚ್ಚಿದ ಕೇಬಲ್ ತುದಿಯಲ್ಲಿ ಎರಡೆರಡೇ ವೈರ್ ತಾಗಿಸಿ ಶಾಫ್ಟ್ ತಿರುಗಿಸಿ. ಒಂದೇ ಕಾಯಿಲಿನ ಜೋಡಿಯಾದರೆ ಶಾಫ್ಟ್ ಬಿಗಿಯಾಗುತ್ತದೆ. ಹೀಗೆ ಬಿಗಿಯಾಗುವ ಎರಡು ಜೋಡಿ ಸಿಗದಿದ್ದರೆ ಎಲ್ಲೋ ಕಡಿದಿದೆ. ವೈರಿನ ಬಣ್ಣ ನಂಬಬೇಡಿ, ಒಬ್ಬೊಬ್ಬರು ಒಂದೊಂದು ಥರ ಹಾಕುತ್ತಾರೆ.

ಈಗ ಸಣ್ಣ ಎಳೆಗಳ ಮೆತ್ತನೆ ಕೇಬಲ್ ಹಾಕಿದ್ದೇನೆ. ಎಕ್ಸ್‌ಗೆ ಹಳೇ ಮೋಟರೇ ವಾಪಸ್ ಬಂದಿದೆ. ಹೊಸದು ಡಬ್ಬದಲ್ಲಿ ಕೂತಿದೆ.