ಬಿರುಕು ಬಿಟ್ಟ ಮ್ಯಾನಿಫೋಲ್ಡ್: ಎರಕದ್ದೇ ಹಾಕಬೇಕಾ, ಹೆಡರ್ ಕೂರಿಸಬೇಕಾ?

ಎಂಜಿನ್ ಸಿಲಿಂಡರುಗಳ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಭಾಗವೇ ಮ್ಯಾನಿಫೋಲ್ಡ್. ಅದು ಬಿರುಕು ಬಿಟ್ಟು, ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ ಡೀಸೆಲ್ ಪಿಕಪ್ ನಿಮ್ಮದಾದರೆ, ಕಂಪನಿಯ ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನೇ ಹಾಕಿ ಎನ್ನುತ್ತೇನೆ. ತೂಕ ಜಾಸ್ತಿ, ನಿಜ. ಆದರೆ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಕೂರುವುದೇ ಅದರ ಮೇಲೆ. ಆ ಭಾರ, ಆ ಬಿಸಿ ಎರಡನ್ನೂ ಅದು ವರ್ಷಗಟ್ಟಲೆ ತಾಳುತ್ತದೆ.

ಹೆಡರ್ ಅಂದರೆ ಮ್ಯಾನಿಫೋಲ್ಡಿನ ಬದಲು ಕೂರಿಸುವ ಪೈಪುಗಳ ಗುಂಪು; ಅದರಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಪೈಪು. ಹೊಗೆ ಸಲೀಸಾಗಿ ಹೊರಬರುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗುವಾಗ ಲಾಭ ಕಾಣುತ್ತದೆ. ಲೋಡ್ ಹೊತ್ತು ನಿಧಾನ ಹೋಗುವ ಗಾಡಿಗೆ ಸುಮ್ನೆ ಖರ್ಚು, ಅಲ್ವಾ? ಮೈಲ್ಡ್ ಸ್ಟೀಲಿನದು ಬೇಗ ತುಕ್ಕು ಹಿಡಿಯುತ್ತದೆ. ತಗೊಂಡರೆ ಸ್ಟೇನ್‌ಲೆಸ್ಸೇ ತಗೊಳ್ಳಿ. ಹೆಡರ್ ಹಾಕಿದ ಮೇಲೆ ಸದ್ದು ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಮನೆಯಲ್ಲೇ ಬಿಚ್ಚುವಾಗ ಕಷ್ಟ ಎರಡಕ್ಕೂ ಒಂದೇ: ತುಕ್ಕು ಹಿಡಿದ ಸ್ಟಡ್, ಅಂದರೆ ಅದನ್ನು ಎಂಜಿನ್‌ಗೆ ಹಿಡಿದಿಡುವ, ತಲೆಯಿಲ್ಲದ ಬೋಲ್ಟು. ನನ್ನ ಗಾಡಿಯಲ್ಲಿ ಒಂದು ಸ್ಟಡ್ ಮುರಿದೇ ಹೋಯಿತು. ಅದರ ಮೇಲೆ ನಟ್ ವೆಲ್ಡ್ ಮಾಡಿಸಿ ತಿರುಗಿಸಿ ತೆಗೆಸಬೇಕಾಯಿತು, ಇಡೀ ದಿನ ಹಾಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಗ್ಯಾಸ್ಕೆಟ್ (ಸಂದಿಯಲ್ಲಿ ಹೊಗೆ ಸೋರದಂತೆ ತಡೆಯುವ ಪದರ) ಹೊಸದೇ ಇರಲಿ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯಿರಿ. ಒಮ್ಮೆ ಓಡಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಬಿಗಿ ನೋಡಿ. ಹೆಡರ್ ಹಾಕಿದ್ದರೆ ಹತ್ತಿರದ ವೈರು, ಬ್ರೇಕ್ ಪೈಪುಗಳನ್ನು ಬಿಸಿ ತಾಗದಂತೆ ದೂರ ಕಟ್ಟಿ.