ಆ ಐದನೇ ರಾತ್ರಿಯ ಫೈಲುಗಳನ್ನು ಅಳಿಸಿದವನು ನಾನೇ

ಗೆಲಾಕ್ಸಿಗಳ ಫೋಟೋ ತೆಗೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸಬರಿಗಿಂತ ಹೆಚ್ಚಾಗಿ, ಎರಡು ಮೂರು ವರ್ಷ ಕೈ ಪಳಗಿ ‘ಇನ್ನೇನು, ಎಲ್ಲ ಗೊತ್ತಾಯ್ತು’ ಅನ್ನುವ ಹಂತಕ್ಕೆ ಬಂದವರಿಗೆ. ನಾನೂ ಆಗ ಅಲ್ಲೇ ಇದ್ದೆ.

2023ರ ಮೇ ತಿಂಗಳು. 19ಕ್ಕೆ ಅಮಾವಾಸ್ಯೆ. ಅದರ ಹಿಂದಿನ ಐದೂ ರಾತ್ರಿ ಒಂದು ತುಣುಕು ಮೋಡವಿಲ್ಲ. ಎಂ101 ಹಿಡಿಯೋಣ ಅಂತ ಕೂತೆ. ಸಪ್ತರ್ಷಿ ಮಂಡಲದ ಬಾಲದಲ್ಲಿರುವ ವಸಿಷ್ಠ, ಮರೀಚಿಗಳನ್ನು ಎರಡು ಮೂಲೆಯಾಗಿಟ್ಟು ತ್ರಿಕೋನ ಎಳೆದರೆ ಮೂರನೇ ಮೂಲೆಯಲ್ಲಿ ಸಿಗುವ ಗೆಲಾಕ್ಸಿ ಅದು. ಗಿರಗಿಟ್ಲೆಯ ಹಾಗೆ ಪೂರ್ತಿ ಮುಖ ನಮ್ಮ ಕಡೆಗೇ ತಿರುಗಿಸಿಕೊಂಡಿದೆ. ಆದರೆ ಬೆಳಕೆಲ್ಲ ಅಷ್ಟಗಲಕ್ಕೆ ಹರಡಿಹೋಗಿ ಬಲು ಮಂಕು. ಗಂಟೆಗಟ್ಟಲೆ ಫ್ರೇಮು ಕೂಡಿಸದೆ ಆ ಸುರುಳಿಯ ತೋಳುಗಳು ಬಾಯಿಬಿಡುವುದಿಲ್ಲ. ಮೂರು ನಿಮಿಷದ ಫ್ರೇಮುಗಳು, ರಾತ್ರಿಗೆ 60. ಐದು ರಾತ್ರಿಗೆ 300 ಫ್ರೇಮು, ಅಂದರೆ 15 ಗಂಟೆ.

ಐದನೇ ರಾತ್ರಿ ಮುಗಿಸಿ, 19ರ ಬೆಳಿಗ್ಗೆ ಮಲಗದೆ ಪ್ರೊಸೆಸಿಂಗಿಗೆ ಕೂತೆ. ಕ್ಯಾಮೆರಾದ ಕಲೆ, ನೆರಳು ತೆಗೆಯುವ ಡಾರ್ಕ್, ಫ್ಲ್ಯಾಟ್ ಫ್ರೇಮುಗಳನ್ನೆಲ್ಲ ಹಾಕಿ ಸ್ಟ್ಯಾಕಿಂಗ್, ಅಂದರೆ ಎಲ್ಲ ಫ್ರೇಮುಗಳನ್ನು ಕೂಡಿಸಿ ಒಂದೇ ಚಿತ್ರ ಮಾಡುವ ಕೆಲಸ, ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪಿನ ಡಿಸ್ಕ್ ತುಂಬಿ ಕೆಂಪಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ನನ್ನ ಪೆದ್ದುತನ ಇರುವುದೇ ಇದರಲ್ಲಿ. ನನ್ನದು 26 ಮೆಗಾಪಿಕ್ಸೆಲ್ ಕಲರ್ ಕ್ಯಾಮೆರಾ. ಒಂದು ರಾ ಫೈಲು, ಅಂದರೆ ಕ್ಯಾಮೆರಾದಿಂದ ಬಂದ ಮೂಲ ಫೈಲು, ಸುಮಾರು 52 ಎಂಬಿ, ಮುನ್ನೂರೂ ಸೇರಿ 16 ಜಿಬಿ ಕೂಡ ಆಗುವುದಿಲ್ಲ. ಆದರೆ ಸಾಫ್ಟ್‌ವೇರ್ ಪ್ರತಿ ಫ್ರೇಮಿನ ಬಣ್ಣ ಬಿಡಿಸಿ 32 ಬಿಟ್‌ನಲ್ಲಿ ಬರೆದಿಟ್ಟಾಗ ಅದೇ ಫೈಲು 312 ಎಂಬಿ ಆಗುತ್ತದೆ. ನಕ್ಷತ್ರಗಳನ್ನು ಹೊಂದಿಸಿದ ಮೇಲೆ ಅಷ್ಟೇ ಗಾತ್ರದ್ದು ಇನ್ನೊಂದು ಪ್ರತಿ. ಎರಡೂ ಸೇರಿ 187 ಜಿಬಿ. ಡಿಸ್ಕ್ ತುಂಬಿಸಿದ್ದು ಈ ನಡುವಿನ ಫೈಲುಗಳು. ಅವು ಹೋದರೂ ರಾ ಫೈಲಿನಿಂದ ಮತ್ತೆ ಮಾಡಿಕೊಳ್ಳಬಹುದು. ನಾನು ಅದನ್ನೆಲ್ಲ ಯೋಚಿಸಲಿಲ್ಲ. ಸ್ಟ್ಯಾಕ್ ಕೈಗೆ ಬಂತಲ್ಲ, ಇನ್ನು ಈ ಗುಡ್ಡೆ ಯಾಕೆ ಅಂತ ರಾ ಫೈಲುಗಳೂ ಇದ್ದ ಇಡೀ ಫೋಲ್ಡರನ್ನೇ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ‘ಶಾಶ್ವತವಾಗಿ ಅಳಿಸಬೇಕೆ’ ಅಂತ ಅದು ಕೇಳಿತ್ತು ಕೂಡ.

ಸಂಜೆಯವರೆಗೆ ಚಿತ್ರವನ್ನು ತಿದ್ದಿ ತೀಡಿದೆ. ಚಿತ್ರದ ಗದ್ದಲ, ಅಂದರೆ ಕಾಳುಕಾಳು, ಕಡಿಮೆ ಮಾಡುವ ಎಐ ಟೂಲು, ಚೂಪು ಮಾಡುವ ಎಐ ಟೂಲು, ಎರಡನ್ನೂ ಧಾರಾಳವಾಗಿ ಬಿಟ್ಟೆ. ಚೆನ್ನಾಗಿ ಬಂತು ಅಂತ ಹೆಮ್ಮೆಪಟ್ಟುಕೊಂಡು ಮಲಗಿದೆ.

ಎದ್ದಾಗ ಸುದ್ದಿ ಕಾದಿತ್ತು. ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ ಮೇ 19ರಂದು ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೊಯಿಚಿ ಇತಗಾಕಿ ಎಂ101ರಲ್ಲಿ ಸೂಪರ್‌ನೋವಾ, ಅಂದರೆ ಸ್ಫೋಟಿಸಿದ ನಕ್ಷತ್ರ, ಕಂಡುಹಿಡಿದಿದ್ದರು. ಎಸ್‌ಎನ್ 2023ಐಎಕ್ಸ್‌ಎಫ್. ನಮ್ಮಿಂದ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರ, ಅಂದರೆ ಸೂಪರ್‌ನೋವಾ ಲೆಕ್ಕದಲ್ಲಿ ಪಕ್ಕದ ಮನೆ. ಜಾಗ, ಎನ್‌ಜಿಸಿ 5461 ಅನ್ನುವ ಹೊಳೆಯುವ ಅನಿಲದ ಮೋಡದ ಹತ್ತಿರ. ಅದರ ಮೊದಲ ಬೆಳಕು ಇಲ್ಲಿಗೆ ತಲುಪಿದ್ದು ಮೇ 18ರಂದು. ನನ್ನ ಐದನೇ ರಾತ್ರಿಯ ಕ್ಯಾಮೆರಾ ತೆರೆದಿದ್ದ ಹೊತ್ತಿನಲ್ಲೇ!

ಸ್ಟ್ಯಾಕ್ ತೆರೆದು ಆ ಜಾಗಕ್ಕೆ ಹೋದೆ. ಏನೂ ಇಲ್ಲ. ಮುಗಿಸಿದ ಚಿತ್ರದಲ್ಲಿ ನೋಡಿದರೆ ಮೋಡದ ಪಕ್ಕ ನುಣ್ಣನೆಯ ಗುಲಾಬಿ ಮಣಿಯೊಂದಿತ್ತು. ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರದಲ್ಲಿ ಅಲ್ಲಿ ಅಂಥ ಮಣಿಯೇ ಇಲ್ಲ. ಎಐ ಟೂಲು ತನಗೆ ತೋಚಿದ್ದನ್ನು ಬರೆದಿತ್ತು.

ಸ್ಟ್ಯಾಕಿನಲ್ಲಿ ಯಾಕೆ ಇಲ್ಲ ಅನ್ನುವುದು ಮುಖ್ಯ. ವಿಮಾನ, ಉಪಗ್ರಹಗಳ ಗೆರೆ ಹೋಗಲಿ ಅಂತ ನಾವೆಲ್ಲ ಸಿಗ್ಮಾ ಕ್ಲಿಪ್ಪಿಂಗ್ ಹಾಕುತ್ತೇವೆ. ಅದು ಒಂದೊಂದು ಪಿಕ್ಸೆಲ್ಲಿಗೂ 300 ಫ್ರೇಮಿನ ಬೆಲೆಗಳನ್ನು ಹೋಲಿಸಿ, ಗುಂಪಿಗೆ ಸೇರದ್ದನ್ನು ಆಚೆ ದಬ್ಬುತ್ತದೆ. ಐದನೇ ರಾತ್ರಿಯ ಕೊನೆಯ ಇಪ್ಪತ್ತೋ ಮೂವತ್ತೋ ಫ್ರೇಮಿನಲ್ಲಿ ಮಾತ್ರ ಬಂದ ಹೊಸ ಚುಕ್ಕಿ ಅದರ ಕಣ್ಣಿಗೆ ಉಪಗ್ರಹದಷ್ಟೇ ಕಸ. ದಬ್ಬದೆ ಬಿಟ್ಟಿದ್ದರೂ ಉಳಿದ ಖಾಲಿ ಫ್ರೇಮುಗಳ ಜೊತೆ ಸರಾಸರಿಯಾಗಿ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಯಾವುದು ಆಯಿತು ಅಂತ ನೋಡಲು ರಾ ಫೈಲು ಬೇಕು.

ಫೈಲು ವಾಪಸ್ ತರಿಸುವ ಸಾಫ್ಟ್‌ವೇರುಗಳನ್ನೂ ಓಡಿಸಿದೆ. ಹಳೇ ಕಾಲದ ತಿರುಗುವ ಡಿಸ್ಕ್ ಆಗಿದ್ದರೆ ಏನಾದರೂ ಸಿಗುತ್ತಿತ್ತೇನೋ. ನನ್ನದು ಚಿಪ್ಪುಗಳಲ್ಲೇ ಬರೆದಿಡುವ ಎಸ್‌ಎಸ್‌ಡಿ, ಅದರಲ್ಲಿ ಟ್ರಿಮ್ ಅನ್ನುವುದು ಅಳಿಸಿದ ಜಾಗವನ್ನು ಅಷ್ಟರಲ್ಲೇ ಗುಡಿಸಿ ಸಾರಿಸಿರುತ್ತದೆ. ಫೈಲಿನ ಹೆಸರುಗಳು ಸಿಕ್ಕವು, ಒಳಗೆ ಬರೀ ಸೊನ್ನೆ.

ಹೊಟ್ಟೆ ಉರಿದಿದ್ದು ಆಮೇಲೆ. ಆ ರಾತ್ರಿ ಅಮಾವಾಸ್ಯೆಯ ಕತ್ತಲಲ್ಲಿ ಎಂ101 ತೆಗೆಯುತ್ತಿದ್ದವರು ಬಹಳ ಜನ. ಅಂಥ ಹವ್ಯಾಸಿಗಳ ಫ್ರೇಮುಗಳನ್ನು ಕಲೆಹಾಕಿ, ಇದರಲ್ಲಿ ಇಲ್ಲ, ಇದರಲ್ಲಿ ಇದೆ ಅಂತ ನೋಡಿಯೇ ಸಂಶೋಧಕರು ಸ್ಫೋಟದ ಹೊತ್ತನ್ನು ಗಂಟೆಗಳ ಅಂತರದೊಳಗೆ ಕಟ್ಟಿಹಾಕಿದರು. ‘ಇಲ್ಲ’ ಅನ್ನುವ ಫ್ರೇಮಿಗೂ ಅಲ್ಲಿ ಬೆಲೆ ಇತ್ತು. ನನ್ನ ಹತ್ತಿರ ಅದೂ ಇಲ್ಲ.

ಈಗ ಜಾಗ ಬೇಕಾದರೆ ನಡುವಿನ ಫೈಲುಗಳನ್ನಷ್ಟೇ ಅಳಿಸುತ್ತೇನೆ. ರಾ ಫೈಲುಗಳು ಬೆಳಗಾಗುವ ಮೊದಲೇ ಬೇರೆ ಡ್ರೈವಿಗೆ ಹೋಗುತ್ತವೆ, ಅದೂ ಖಗೋಳ ಚಿತ್ರಗಳಿಗೆ ಬಳಸುವ ಫಿಟ್ಸ್ ರೂಪದಲ್ಲೇ. ಪ್ರತಿ ಫ್ರೇಮು ಶುರುವಾದ ಯುಟಿಸಿ ಹೊತ್ತು ಆ ಫೈಲಿನ ಹೆಡರಿನಲ್ಲಿ (ಫೈಲಿನ ಆರಂಭದ ಮಾಹಿತಿ ಪಟ್ಟಿ) ಇರುತ್ತದೆ. ಜೆಪೆಗ್ ಮಾಡಿಟ್ಟರೆ ಅದು ಹೋಯಿತು. ಲ್ಯಾಪ್‌ಟಾಪಿನ ಗಡಿಯಾರ ತಪ್ಪಿದ್ದರೆ ಹೆಡರಿದ್ದೂ ದಂಡ, ನೆಟ್ ಇಲ್ಲದ ಜಾಗಕ್ಕೆ ಹೋಗುವ ಮುಂಚೆ ಸರಿಮಾಡಿಕೊಳ್ಳಿ. ಎಲ್ಲ ರಾತ್ರಿಗಳನ್ನೂ ಒಟ್ಟಿಗೆ ಸುರಿಯುವ ಮೊದಲು ಒಂದೊಂದು ರಾತ್ರಿಯದನ್ನು ಬೇರೆ ಬೇರೆ ಸ್ಟ್ಯಾಕ್ ಮಾಡಿ, ಒಂದರ ಮೇಲೊಂದಿಟ್ಟು ಅದಲು ಬದಲು ಮಾಡಿ ನೋಡಿ. ಹೊಸ ಚುಕ್ಕಿ ಇದ್ದರೆ ಮಿಣುಕುತ್ತದೆ. ಹತ್ತು ನಿಮಿಷದ ಕೆಲಸ. ಎಐ ಟೂಲುಗಳ ಸಹವಾಸ ಏನಿದ್ದರೂ ಅದರ ನಂತರ.

ಆ ರಾತ್ರಿಯದು ನನ್ನ ಹತ್ತಿರ ಉಳಿದಿರುವುದು ಒಂದೇ. ಗೆಳೆಯನಿಗೆ ತೋರಿಸೋಣ ಅಂತ, ಲ್ಯಾಪ್‌ಟಾಪ್ ಪರದೆಯ ಮೇಲೆ ಬಂದಿದ್ದ ಕೊನೆಯ ಫ್ರೇಮನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿದ್ದೆ. ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ. ಎನ್‌ಜಿಸಿ 5461 ಇರಬೇಕಾದ ಕಡೆ ಪರದೆಗೆ ಅಂಟಿದ ನನ್ನದೇ ಬೆರಳಿನ ಜಿಡ್ಡು, ಅದರ ಮೇಲೆ ಅಲೆ ಅಲೆಯಾಗಿ ಪರದೆಯ ಪಟ್ಟಿಗಳು.