ಜಾಮ್ ಆದ ಹಳೆ ಜಾವಾ ಇಂಜಿನ್: ಡೀಸೆಲ್, ಅಸಿಟೋನ್, ಬಿಸಿ, ಗ್ರೀಸ್ ಗನ್‌ಗಳಲ್ಲಿ ಯಾವುದು ಮೇಲು?

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಜಾವಾ ಅಥವಾ ಯೆಜ್ಡಿಯ ಕಿಕ್ಕರ್ ಕೆಳಗೆ ಹೋಗದಿದ್ದರೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಡೀಸೆಲ್ ಸುರಿದು ಬಿಡಿ ಅನ್ನುವವರಿದ್ದಾರೆ. ಎಟಿಎಫ್‌ಗೆ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಅಸಿಟೋನ್ ಬೆರೆಸಿ ಹಾಕಿ ಅನ್ನುವವರಿದ್ದಾರೆ. ಬ್ಲೋ ಲ್ಯಾಂಪ್ ಹಿಡಿಯುವ ಮೆಕ್ಯಾನಿಕ್‌ಗಳು, ಗ್ರೀಸ್ ಗನ್ ಹಾಕಿ ತಳ್ಳುವವರು ಬೇರೆ. ಈ ನಾಲ್ಕನ್ನೂ ನಾನು ಎರಡು ಗಾಡಿಗಳ ಮೇಲೆ ಮಾಡಿ ನೋಡಿದ್ದೇನೆ. ಒಂದು, ತೀರ್ಥಹಳ್ಳಿ ಕಡೆಯ ಕೊಟ್ಟಿಗೆಯಲ್ಲಿ ನಿಂತಿದ್ದ ಹಳೆ ಜಾವಾ. ಇನ್ನೊಂದು, ಚಳ್ಳಕೆರೆ ಕಡೆಯ ಮನೆಯ ಪಡಸಾಲೆಯಲ್ಲಿ ನಿಂತಿದ್ದ ಯೆಜ್ಡಿ ರೋಡ್‌ಕಿಂಗ್.

ಎರಡೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವು. ಎರಡರದ್ದೂ ಟೂ ಸ್ಟ್ರೋಕ್ ಇಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ. ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂನದ್ದು. ಆದರೆ ಜಾಮ್ ಆದ ಕಾರಣ ಮಾತ್ರ ಬೇರೆ ಬೇರೆ. ಮಲೆನಾಡಿನ ಗಾಡಿಯಲ್ಲಿ ಸೈಲೆನ್ಸರ್ ಮೂಲಕ ಮಳೆಗಾಲದ ತೇವ ಒಳಗೆ ಹೋಗಿ ಪಿಸ್ಟನ್ ಸುತ್ತಲಿನ ರಿಂಗುಗಳು ಬೋರಿಗೆ ತುಕ್ಕು ಹಿಡಿದು ಕೂತಿದ್ದವು. ಬಯಲುಸೀಮೆಯ ಗಾಡಿಯಲ್ಲಿ ತುಕ್ಕು ತೀರಾ ಕಡಿಮೆ. ಅಲ್ಲಿ ಪೆಟ್ರೋಲ್ ಆರಿ ಹೋಗಿ, ಅದರ ಜೊತೆ ಇದ್ದ ಆಯಿಲ್ ಗಟ್ಟಿ ಅಂಟಾಗಿ ರಿಂಗುಗಳನ್ನು ಹಿಡಿದಿತ್ತು. ಯಾವ ಮದ್ದು ಮೇಲು ಅಂತ ವಾದ ಮಾಡುವವರು ಈ ವ್ಯತ್ಯಾಸವನ್ನೇ ಬಿಟ್ಟುಬಿಡುತ್ತಾರೆ.

ಯಾವುದರ ಹಿಡಿತ ಅಂತ ತಿಳಿಯುವುದು ಕಷ್ಟ ಅಲ್ಲ. ಪ್ಲಗ್ ಬಿಚ್ಚಿ, ಎರಡೂ ಸೈಲೆನ್ಸರ್ ಕಳಚಿ, ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಗೆ ಹೋಗುವ ಕಿಂಡಿ) ಒಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿ. ಕೆಂಪು ಹುಡಿ ಕಂಡರೆ ತುಕ್ಕು. ಕಂದು ಬಣ್ಣದ ಹೊಳಪು ಪದರ ಕಂಡರೆ ಅಂಟು. ಪಿಸ್ಟನ್ ಎಲ್ಲಿ ನಿಂತಿದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಅದು ಮುಂದೆ ಬೇಕಾಗುತ್ತದೆ.

ನಾನು ನಾಲ್ಕು ವಿಧಾನಗಳನ್ನೂ ತೂಗಿದ್ದು ಒಂದೇ ಪ್ರಶ್ನೆಯಿಂದ: ಬ್ಲಾಕ್ ಉಳಿಯುತ್ತದಾ? ಕಾರ್ಖಾನೆ 1996ರಲ್ಲಿ ಮುಚ್ಚಿತು. ಪಿಸ್ಟನ್, ರಿಂಗು ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಫಿನ್ (ಬ್ಲಾಕ್ ತಣ್ಣಗಾಗಿಸುವ ಹೊರಗಿನ ರೆಕ್ಕೆಗಳು) ಒಡೆಯದ, ಬೋರ್ ತೀರಾ ದೊಡ್ಡದಾಗದ ಆ ಕಾಲದ ಬ್ಲಾಕ್ ಸಿಗುವುದು ಕಷ್ಟ. ಪಿಸ್ಟನ್ ಹೋದರೂ ಪರವಾಗಿಲ್ಲ, ಬ್ಲಾಕ್‌ಗೆ ಏಟು ಬೀಳಬಾರದು.

ಮೊದಲು ಡೀಸೆಲ್. ಅಗ್ಗ, ಎಲ್ಲೆಡೆ ಸಿಗುತ್ತದೆ, ಯಾವುದನ್ನೂ ಹಾಳು ಮಾಡುವುದಿಲ್ಲ. ಪ್ಲಗ್ ತೂತಿನಿಂದ ಸುರಿದು ಕಾಯುವುದು, ಅಷ್ಟೇ. ಇಲ್ಲಿ ಒಂದು ಮಾತು ನೆನಪಿಡಿ. ಟೂ ಸ್ಟ್ರೋಕ್ ಆದ್ದರಿಂದ ಎಕ್ಸಾಸ್ಟ್ ಪೋರ್ಟ್ ತೆರೆದಿದ್ದರೆ ಸುರಿದದ್ದೆಲ್ಲ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಪೋರ್ಟ್ ಮುಚ್ಚಿದ್ದರೆ ಮಾತ್ರ ಪಿಸ್ಟನ್ ಮೇಲೆ ನಿಲ್ಲುತ್ತದೆ. ನಿಂತ ಮಟ್ಟ ದಿನದಿನಕ್ಕೆ ಇಳಿಯುತ್ತಿದ್ದರೆ ರಿಂಗಿನ ಸಂದಿಗೆ ಇಳಿಯುತ್ತಿದೆ ಎಂದರ್ಥ. ರೋಡ್‌ಕಿಂಗ್‌ನಲ್ಲಿ ಹೀಗೇ ಇಳಿಯಿತು. ಆದರೆ ಅಂಟು ಕರಗಿದ್ದು ತುಂಬಾ ನಿಧಾನ. ಜಾವಾದಲ್ಲಿ ಮಟ್ಟ ಇಳಿಯಲೇ ಇಲ್ಲ.

ಎಟಿಎಫ್ ಮತ್ತು ಅಸಿಟೋನ್ ಅರ್ಧಕ್ಕರ್ಧ ಬೆರೆಸಿದ್ದು ಇದಕ್ಕಿಂತ ಎಷ್ಟೋ ಮೇಲು. ಅಸಿಟೋನ್ ಅಂಟನ್ನು ಕರಗಿಸುತ್ತದೆ, ತೆಳುವಾಗಿ ಸಂದಿಗೆ ನುಗ್ಗುತ್ತದೆ. ಎಟಿಎಫ್ ಹಿಂದೆಯೇ ಹೋಗಿ ಜಾರಿಕೆ ಕೊಡುತ್ತದೆ. ಇವೆರಡೂ ಬೇಗ ಬೇರೆಯಾಗುತ್ತವೆ. ಹಾಗಾಗಿ ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕಬೇಕು. ಅಸಿಟೋನ್ ಆರಿ ಹೋಗದಂತೆ ಪ್ಲಗ್ ಮುಚ್ಚಿಡಬೇಕು. ಟ್ಯಾಂಕಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಹೋಯಿತು. ಮೊದಲೇ ಟ್ಯಾಂಕ್ ತೆಗೆದಿಡಿ. ರೋಡ್‌ಕಿಂಗ್ ಇದಕ್ಕೇ ಬಿಟ್ಟುಕೊಟ್ಟಿತು. ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಜಗ್ಗಿದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಪೂರ್ತಿ ಸುತ್ತು. ಚಕ್ರದಿಂದ ತಿರುಗಿಸುವಾಗ ಮೇಲಿನ ಗೇರಿನಲ್ಲೇ ಕ್ರ್ಯಾಂಕಿಗೆ (ಪಿಸ್ಟನ್ ಜೊತೆ ತಿರುಗುವ ಇಂಜಿನ್ ದಂಡ) ಹೆಚ್ಚು ಬಲ ಸಿಗುತ್ತದೆ. ಅದಕ್ಕೇ ನಾಲ್ಕನೇ ಗೇರು.

ಜಾವಾಗೆ ಇದೂ ಸಾಕಾಗಲಿಲ್ಲ. ತುಕ್ಕನ್ನು ಅಸಿಟೋನ್ ಕರಗಿಸುವುದಿಲ್ಲ, ಸಂದಿ ಇದ್ದರೆ ನುಗ್ಗುತ್ತದೆ ಅಷ್ಟೇ. ಆ ಸಂದಿ ಮಾಡಿಕೊಡುವುದು ಬಿಸಿ.

ಬಿಸಿಯ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಮ್ಮ 65 ಮಿ.ಮೀ. ಬೋರಿನಲ್ಲಿ 100 ಡಿಗ್ರಿ ಏರಿದರೆ ಕಬ್ಬಿಣ ಹಿಗ್ಗುವುದು ಸುಮಾರು 0.07 ಮಿ.ಮೀ., ಪಿಸ್ಟನ್ ಹಿಗ್ಗುವುದು 0.15 ಮಿ.ಮೀ. ಎರಡನ್ನೂ ಒಟ್ಟಿಗೆ ಕಾಯಿಸುತ್ತಾ ಕೂತರೆ ಪಿಸ್ಟನ್ ಇನ್ನೂ ಬಿಗಿಯಾಗುತ್ತದೆ! ಆದ್ದರಿಂದ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಐಸ್ ಕಟ್ಟಿದ ಬಟ್ಟೆ ಇಟ್ಟು, ಬ್ಲಾಕ್‌ನ ಹೊರಮೈಯನ್ನು ಮಾತ್ರ ಸುತ್ತಲೂ ಸಮನಾಗಿ, ಬೇಗ ಕಾಯಿಸಬೇಕು. ಒಂದೇ ಕಡೆ ಜ್ವಾಲೆ ನಿಲ್ಲಿಸಿದರೆ ಫಿನ್ ಸೀಳಬಹುದು. ಆಮೇಲೆ ತಾನಾಗಿ ತಣ್ಣಗಾಗಲು ಬಿಟ್ಟು, ಎಟಿಎಫ್ ಮಾತ್ರ ಹಾಕಿ, ಮತ್ತೆ ಮರುದಿನ ಕಾಯಿಸುವುದು. ಹಿಗ್ಗಿ ಕುಗ್ಗಿ ತುಕ್ಕಿನ ಪದರ ಬಿರುಕು ಬಿಡುತ್ತದೆ, ಎಣ್ಣೆ ಒಳಗೆ ಇಳಿಯುತ್ತದೆ. ಒಂದು ಎಚ್ಚರಿಕೆ: ಅಸಿಟೋನ್ ಹಾಕಿದ ಇಂಜಿನ್ ಹತ್ತಿರ ಬೆಂಕಿ ತರಲೇಬಾರದು. ಅದು ಪೂರ್ತಿ ಆರಿ, ಒರೆಸಿ, ಗಾಳಿ ಆಡಿದ ಮೇಲೆಯೇ ಬ್ಲೋ ಲ್ಯಾಂಪ್. ಪೆಟ್ರೋಲ್ ಟ್ಯಾಂಕ್ ಆ ಜಾಗದಲ್ಲೇ ಇರಬಾರದು.

ಬಿಸಿ ಮತ್ತು ಎಣ್ಣೆ ಸರದಿಯಲ್ಲಿ ಕೊಟ್ಟಾಗಲೇ ಜಾವಾದ ಎಣ್ಣೆ ಮಟ್ಟ ಮೊದಲ ಸಲ ಇಳಿದದ್ದು. ಆದರೂ ಪಿಸ್ಟನ್ ಅಲುಗಲಿಲ್ಲ.

ಕೊನೆಗೆ ಗ್ರೀಸ್ ಗನ್. ಹಳೆ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಆ ಲೋಹದ ಕವಚಕ್ಕೆ ಲೇತ್‌ನವರಿಂದ ಗ್ರೀಸ್ ನಿಪ್ಪಲ್ ಹಾಕಿಸಿಕೊಂಡೆ. ಹೆಡ್ ಮತ್ತೆ ಕೂರಿಸಿ ಬಿಗಿದು, ಒಳಗಿನ ಗಾಳಿ ಹೋಗಲು ಮೊದಲೇ ಎಣ್ಣೆ ತುಂಬಿ, ಗನ್ ಒತ್ತಿದೆ. ಇದರ ಬಲ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ 100 ಕೆಜಿ ಒತ್ತಡ ಬಂದರೆ ಒಟ್ಟು 3 ಟನ್‌ಗೂ ಮೇಲೆ. ಸುತ್ತಿಗೆಯ ಏಟಿನ ಹಾಗೆ ಒಂದೇ ಕಡೆ ಬೀಳದೆ, ತಲೆಯ ಮೇಲೆಲ್ಲ ಸಮನಾಗಿ ಬೀಳುವ ಬಲ ಇದು. ಟಕ್ ಎಂದು ಸದ್ದಾಗಿ ಪಿಸ್ಟನ್ ಇಳಿಯಿತು. ಎಕ್ಸಾಸ್ಟ್ ಪೋರ್ಟ್ ತೆರೆದುಕೊಂಡು ಗ್ರೀಸ್ ಹೊರಗೆ ಬಂತು.

ಆದರೆ ಎಲ್ಲ ಇಂಜಿನ್‌ಗೂ ಇದು ಆಗುವುದಿಲ್ಲ. ಪಿಸ್ಟನ್ ಪೋರ್ಟ್‌ಗಳನ್ನು ಮುಚ್ಚಿರಬೇಕು, ಇಲ್ಲದಿದ್ದರೆ ಒತ್ತಡವೇ ನಿಲ್ಲದು. ಪಿಸ್ಟನ್ ತೀರಾ ಮೇಲ್ತುದಿಯಲ್ಲಿ ನಿಂತಿದ್ದರೆ ಕನೆಕ್ಟಿಂಗ್ ರಾಡ್ ನೇರವಾಗಿರುತ್ತದೆ. ಆಗ ಎಷ್ಟು ತಳ್ಳಿದರೂ ಕ್ರ್ಯಾಂಕ್ ತಿರುಗದು, ಬಲವೆಲ್ಲ ಬೇರಿಂಗಿನ ಮೇಲೆ ಬೀಳುತ್ತದೆ. ಕ್ರ್ಯಾಂಕ್ ಬೇರಿಂಗೇ ಜಾಮ್ ಆಗಿದ್ದರಂತೂ ರಾಡ್ ಬಗ್ಗಬಹುದು. ನೆನೆಸದೆ, ಕಾಯಿಸದೆ ನೇರ ಗನ್ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಆಮೇಲೆ ಕ್ರ್ಯಾಂಕ್‌ಕೇಸಿಗೆ ಇಳಿದ ಗ್ರೀಸ್ ತೆಗೆಯಲು ಇಂಜಿನ್ ಬಿಚ್ಚಲೇಬೇಕು. ಸೀಮೆಎಣ್ಣೆಯಲ್ಲಿ ತೊಳೆದಷ್ಟೂ ಬರುತ್ತಿರುತ್ತದೆ.

ಕಿಕ್ಕರ್ ಮೇಲೆ ನಿಂತು ಕುಣಿಯುವುದು, ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಹೊಡೆಯುವುದು, ಡೈನಮೋ ಕಡೆಯ ಬೋಲ್ಟಿಗೆ ಉದ್ದ ಪಾನಾ ಹಾಕುವುದು ಬೇಡವೇ ಬೇಡ. ಕಿಕ್ಕರ್ ಹಲ್ಲು ಮುರಿಯುತ್ತದೆ, ಆ ತೆಳ್ಳನೆ ಬೋಲ್ಟ್ ತುಂಡಾಗುತ್ತದೆ. ಪಿಸ್ಟನ್ ಅನ್ನು ಇಕ್ಕಳದಿಂದ ತಿರುಚಲೂಬಾರದು. ರಿಂಗಿನ ತುದಿಗಳು ಪೋರ್ಟಿಗೆ ಸಿಗದಂತೆ ಪಿನ್ ಇಟ್ಟಿರುತ್ತಾರೆ. ತಿರುಚಿದರೆ ತುದಿ ಪೋರ್ಟಿಗೆ ಸಿಕ್ಕಿ ಬೋರ್ ಗೀರುತ್ತದೆ.

ನನ್ನ ತೀರ್ಪು ಹೀಗೆ. ಅಂಟಿನ ಜಾಮ್‌ಗೆ ಎಟಿಎಫ್-ಅಸಿಟೋನ್ ಸಾಕು. ಖರ್ಚು ಉಳಿಸಬೇಕು, ಕಾಯಲು ಪುರುಸೊತ್ತಿದೆ ಅಂದರೆ ಡೀಸೆಲ್ ಕೂಡ ನಡೆಯುತ್ತದೆ. ತುಕ್ಕಿನ ಜಾಮ್‌ಗೆ ಬಿಸಿ-ಎಣ್ಣೆಯ ಸರದಿಯೇ ಮೊದಲು. ಪಿಸ್ಟನ್ ನಿಂತ ಜಾಗ ಸರಿ ಇದ್ದರೆ ಮಾತ್ರ ಗ್ರೀಸ್ ಗನ್. ಅದಕ್ಕೂ ಬಗ್ಗದಿದ್ದರೆ ಲೇತಿನಲ್ಲಿ ಪಿಸ್ಟನ್ ಕೊರೆದು ತೆಗೆಸಿ.

ಪಿಸ್ಟನ್ ಬಿಟ್ಟುಕೊಂಡ ಖುಷಿಯಲ್ಲಿ ಅಂದೇ ಸ್ಟಾರ್ಟ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಎರಡೂ ಗಾಡಿಗಳಲ್ಲಿ ಕ್ರ್ಯಾಂಕ್ ಆಯಿಲ್ ಸೀಲ್‌ಗಳು ಒಣಗಿ ಕಲ್ಲಾಗಿದ್ದವು. ಟೂ ಸ್ಟ್ರೋಕ್‌ನಲ್ಲಿ ಅಲ್ಲಿಂದ ಗಾಳಿ ಎಳೆದರೆ ಪೆಟ್ರೋಲ್ ಜೊತೆ ಆಯಿಲೂ ಕಡಿಮೆಯಾಗಿ, ಇಂಜಿನ್ ಕಾದು, ಮತ್ತೆ ಸೀಜ್ ಆಗುತ್ತದೆ. ಜಾವಾ ಬೋರಿನಲ್ಲಿ ತುಕ್ಕಿನ ಗುಳಿಗಳಿದ್ದವು, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ರೋಡ್‌ಕಿಂಗ್‌ಗೆ ಹೋನಿಂಗ್ (ಬೋರಿನ ಒಳಮೈ ನಯವಾಗಿ ಉಜ್ಜುವುದು) ಮತ್ತು ಹೊಸ ರಿಂಗ್ ಸಾಕಾಯಿತು. ಲೀಟರ್ ಪೆಟ್ರೋಲಿಗೆ ನಾನು ಸಾಮಾನ್ಯವಾಗಿ 40 ಮಿ.ಲೀ. ಟೂಟಿ (2T, ಟೂ ಸ್ಟ್ರೋಕ್) ಆಯಿಲ್ ಹಾಕುತ್ತೇನೆ. ಹೊಸ ರಿಂಗ್ ಕೂರುವವರೆಗೆ ಎರಡಕ್ಕೂ 50 ಮಿ.ಲೀ. ಹಾಕಿ, ಜಾಸ್ತಿ ಎಳೆಯದೆ ಓಡಿಸಿದೆ.